ಲಗೋರಿ ಆಡುವ ಯಂತ್ರಮಾನವ: ಗಾಳಿ, ಸಂವೇದಕ ಮತ್ತು ಕ್ರಮವಿಧಿಯ ಒಂದು ಪಾಠ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನೆನಪುಗಳನ್ನು ಬರೆಯುವ ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ಅನೇಕರಿದ್ದಾರೆ. ಆದ್ದರಿಂದ ನಾನು ನನ್ನ ಹಳೆಯ ವೃತ್ತಿಯನ್ನೇ ನಂಬಿ ಒಂದು ಪಾಠವನ್ನು ಬರೆಯಲು ನಿಶ್ಚಯಿಸಿದೆ.

ಇದಕ್ಕೊಂದು ಕಾರಣವೂ ಉಂಟು. ಮಗುವಿನ ಹೆಸರು ಹಚ್ಚುವ ವಿಚಾರದಲ್ಲಿದ್ದ ಪಾಲಕರೊಬ್ಬರು ನನ್ನನ್ನು ಕೇಳಿದರು: "ಗುರುಗಳೇ, ಕನ್ನಡ ಶಾಲೆಯಲ್ಲಿ ಕಲಿತರೆ ನಾಳೆ ಈ ರೋಬೋಟು, ಪ್ರೋಗ್ರಾಮು ಇವೆಲ್ಲ ಹುಡುಗನ ತಲೆಗೆ ಹೋದಾವೇ?" ಅವರು ನಮ್ಮ ಶಾಲೆಯಲ್ಲಿಯೇ ಕಲಿತವರು. ಆ ಕ್ಷಣಕ್ಕೆ ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ. ಆದರೆ ಸಮಾಧಾನ ಉತ್ತರವಲ್ಲ. ಸರಿಯಾದ ಉತ್ತರವೆಂದರೆ ಆ ವಿಷಯವನ್ನು ಕನ್ನಡದಲ್ಲಿ ಹೇಳಿ ತೋರಿಸುವುದು. ಆ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನನಗೆ ಈ ವಿಷಯವನ್ನು ಕಲಿಸಿದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಇಂಜಿನಿಯರಿಂಗ್ ಓದುತ್ತಿದ್ದಾಗ ಆತ ರಜೆಯಲ್ಲಿ ಊರಿಗೆ ಬಂದು, ಒಂದು ಪೆಟ್ಟಿಗೆಯ ತುಂಬ ಬಿಡಿಭಾಗಗಳನ್ನು ನನ್ನ ಮುಂದೆ ಹರಡಿ ಕುಳಿತನು. ನಾನು ಪಟ್ಟಿಪುಸ್ತಕ ತೆರೆದು ಬರೆದುಕೊಂಡೆ.

ಅಂಗಳದ ಆಟ, ಯಂತ್ರದ ಆಟ

ಲಗೋರಿಯನ್ನು ಆಡದ ಮಕ್ಕಳು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಅಡಕಿ, ಚೆಂಡು ಎಸೆದು ಕೆಡವುವುದು. ಎದುರಾಳಿಯ ಚೆಂಡು ಮೈಗೆ ತಾಗುವ ಮುನ್ನ ಮತ್ತೆ ಅಡಕಿ ನಿಲ್ಲಿಸುವುದು. ಈ ಆಟವೇ 2022ರಲ್ಲಿ ಒಂದು ಅಂತರರಾಷ್ಟ್ರೀಯ ಯಂತ್ರಮಾನವ ಸ್ಪರ್ಧೆಯ ವಿಷಯವಾಯಿತೆಂದರೆ ವಾಚಕರಿಗೆ ಆಶ್ಚರ್ಯವೆನಿಸಬಹುದು.

ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟವು ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಸುವ 'ರೋಬೋಕಾನ್' ಎಂಬ ಸ್ಪರ್ಧೆ 2002ರಲ್ಲಿ ಟೋಕಿಯೋ ನಗರದಲ್ಲಿ ಆರಂಭವಾಯಿತು. ಆತಿಥ್ಯ ವಹಿಸಿದ ದೇಶವು ತನ್ನ ಸಂಸ್ಕೃತಿಗೆ ಹೊಂದುವ ಆಟವೊಂದನ್ನು ವಿಷಯವಾಗಿ ಕೊಡುವುದು ಅಲ್ಲಿಯ ಪದ್ಧತಿ. ನಮ್ಮ ದೇಶದಲ್ಲಿ ದೂರದರ್ಶನವು ಇದರ ಹೊಣೆಯನ್ನು ಹೊತ್ತಿತು. 2008ರಲ್ಲಿ ಪುಣೆಯಲ್ಲಿ ಸ್ಪರ್ಧೆ ನಡೆದಾಗ ಮೊಸರು ಗಡಿಗೆಯ 'ಗೋವಿಂದಾ' ವಿಷಯವಾಗಿದ್ದಿತು. 2022ರಲ್ಲಿ ದೆಹಲಿಯಲ್ಲಿ ನಡೆದಾಗ ವಿಷಯದ ಹೆಸರೇ 'ಲಗೋರಿ'. ಪ್ರತಿ ತಂಡಕ್ಕೆ ಎರಡು ಯಂತ್ರಗಳು. ಒಂದು ಚೆಂಡನ್ನು ಎಸೆದು ಬಿಲ್ಲೆಗಳ ರಾಶಿಯನ್ನು ಕೆಡವಬೇಕು. ಇನ್ನೊಂದು ಬಿದ್ದ ಐದು ಬಿಲ್ಲೆಗಳನ್ನು ಹುಡುಕಿ, ದೊಡ್ಡದು ಕೆಳಗೆ ಚಿಕ್ಕದು ಮೇಲೆ ಬರುವಂತೆ ಮತ್ತೆ ಅಡಕಬೇಕು. ಎದುರು ತಂಡದ ಯಂತ್ರವು ಅದನ್ನು ಚೆಂಡಿನಿಂದ ತಡೆಯಲೆತ್ನಿಸುತ್ತದೆ. ನಿಯಮಗಳೆಲ್ಲ ನಮ್ಮ ಅಂಗಳದವೇ!

ಬಿಲ್ಲೆಯನ್ನು ಎತ್ತಿ ಇಡುವ ಕೆಲಸ ನಮ್ಮ ಕೈಗೆ ಎಷ್ಟು ಸುಲಭ! ಕಣ್ಣು ನೋಡುತ್ತದೆ, ಮೆದುಳು ಹೇಳುತ್ತದೆ, ಸ್ನಾಯು ಎತ್ತುತ್ತದೆ, ಎತ್ತಿತೋ ಇಲ್ಲವೋ ಎಂಬುದನ್ನು ಚರ್ಮವು ಮೆದುಳಿಗೆ ತಿಳಿಸುತ್ತದೆ. ಯಂತ್ರದಲ್ಲಿ ಈ ಕೆಲಸಗಳನ್ನು ಬೇರೆಬೇರೆಯಾಗಿ ಕಟ್ಟಬೇಕು. ಅನೇಕ ಸ್ಪರ್ಧೆಗಳ ಯಂತ್ರಗಳಲ್ಲಿ ಸ್ನಾಯುವಿನ ಕೆಲಸವನ್ನು ಒತ್ತಿದ ಗಾಳಿಯೂ, ಕಣ್ಣು ಚರ್ಮಗಳ ಕೆಲಸವನ್ನು ಸಂವೇದಕಗಳೂ, ಮೆದುಳಿನ ಕೆಲಸವನ್ನು ಅಂಗೈಯಷ್ಟಗಲದ ಗಣಕ ಫಲಕವೂ ಮಾಡುತ್ತವೆ. ಒಂದೊಂದನ್ನಾಗಿ ನೋಡೋಣ.

ಗಾಳಿಯ ಬಲ

ಅಕ್ಕಲಕೋಟ ಬಸ್ ನಿಲ್ದಾಣದಲ್ಲಿ ನಿಂತವರು ಎಸ್.ಟಿ. ಬಸ್ಸು ನಿಂತೊಡನೆ 'ಫಸ್' ಎಂದು ಉಸಿರು ಬಿಡುವುದನ್ನು ಕೇಳಿರುತ್ತಾರೆ. ಅದು ಬ್ರೇಕಿನ ಗಾಳಿ. ಅಷ್ಟು ಭಾರದ ಬಸ್ಸನ್ನು ಚಾಲಕನ ಪಾದದ ಬಲವೊಂದೇ ನಿಲ್ಲಿಸಲಾರದು. ತೊಟ್ಟಿಯಲ್ಲಿ ಒತ್ತಿಟ್ಟ ಗಾಳಿಯು ಪಾದದ ಅಪ್ಪಣೆಯಂತೆ ಕೆಲಸ ಮಾಡುತ್ತದೆ. ಯಂತ್ರಮಾನವನ ತೋಳಿನಲ್ಲಿಯೂ ನಡೆಯುವುದು ಇದೇ.

ಸಾಯಿಕಲ್ಲಿನ ಪಂಪನ್ನು ತಿರುವುಮುರುವಾಗಿ ಭಾವಿಸಿರಿ. ಪಂಪಿನಲ್ಲಿ ನಾವು ದಂಡವನ್ನು ನೂಕಿದರೆ ಗಾಳಿ ಹೊರಬೀಳುತ್ತದೆ. ಇಲ್ಲಿ ಗಾಳಿಯನ್ನು ನೂಕಿದರೆ ದಂಡ ಹೊರಬೀಳುತ್ತದೆ. ಈ ಕೊಳವೆಗೆ ಸಿಲಿಂಡರವೆಂದೂ ಒಳಗೆ ಸರಿಯುವ ಬಿರಡೆಗೆ ಪಿಸ್ಟನ್ ಎಂದೂ ಹೆಸರು. ಅದರ ಬಲವನ್ನು ಏಳನೆಯ ಇಯತ್ತೆಯ ಗಣಿತದಿಂದಲೇ ಕಂಡುಹಿಡಿಯಬಹುದು. ಬಲವೆಂದರೆ ಒತ್ತಡ ಗುಣಿಸು ಕ್ಷೇತ್ರಫಲ. ಒಳವ್ಯಾಸ 32 ಮಿಲಿಮೀಟರ ಇರುವ ಸಿಲಿಂಡರದ ಕ್ಷೇತ್ರಫಲ ಸುಮಾರು 8 ಚದರ ಸೆಂಟಿಮೀಟರ. ಒಂದು ಬಾರ್ ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ. ಆದುದರಿಂದ 4 ಬಾರ್ ಗಾಳಿಯನ್ನು ಬಿಟ್ಟರೆ ಸುಮಾರು 32 ಕಿಲೋ ಭಾರದಷ್ಟು ಬಲ ದೊರೆಯುತ್ತದೆ. ರೋಬೋಕಾನ್ ನಿಯಮದಂತೆ ಒತ್ತಡವು 6 ಬಾರ್ ಮೀರಕೂಡದು. ಆ ಮಿತಿಯಲ್ಲಿ ಇದೇ ಪುಟ್ಟ ಸಿಲಿಂಡರ ಸುಮಾರು 48 ಕಿಲೋ ಬಲವನ್ನು ಕೊಡಬಲ್ಲದು. ಪಿಸ್ಟನ್ ಹಿಂದೆ ಸರಿಯುವಾಗ ಮಾತ್ರ ಬಲ ತುಸು ಕಡಿಮೆ. ಏಕೆಂದರೆ ಆ ಮಗ್ಗುಲಲ್ಲಿ ದಂಡದ ದಪ್ಪವು ಒಂದಿಷ್ಟು ಜಾಗವನ್ನು ತಿನ್ನುತ್ತದೆ.

ಗಾಳಿಗೆ ಒಂದು ಗುಣ, ಒಂದು ಅವಗುಣ. ಅದು ಹಗುರ, ವೇಗವುಳ್ಳದ್ದು, ತಡೆ ಬಂದರೆ ಮುರಿಯದೆ ಬಳುಕುತ್ತದೆ. ಆದರೆ ಬಳುಕುವುದರಿಂದಲೇ ಪಿಸ್ಟನ್ನನ್ನು ನಡುದಾರಿಯಲ್ಲಿ ನಿಖರವಾಗಿ ನಿಲ್ಲಿಸುವುದು ಕಠಿಣ. ಆದಕಾರಣ ಈ ತುದಿಯಿಂದ ಆ ತುದಿಗೆ ಹೋಗುವ ಕೆಲಸಕ್ಕೆ, ಅಂದರೆ ಹಿಡಿ-ಬಿಡು, ಏಳು-ಇಳಿ ಎಂಬಂಥವಕ್ಕೆ ಗಾಳಿಯನ್ನೂ, ಅಳತೆಯಿಂದ ನಿಲ್ಲುವ ಕೆಲಸಕ್ಕೆ ವಿದ್ಯುತ್ ಮೋಟಾರನ್ನೂ ಬಳಸುವುದು ರೂಢಿ.

ಗಾಳಿಯ ಜಮಾಖರ್ಚನ್ನೂ ನೋಡಬೇಕು. ತೊಟ್ಟಿ 2 ಲೀಟರಿನದು. ಒತ್ತಡ 6 ಬಾರ್. ಕೆಲಸಕ್ಕೆ ಬೇಕಾದುದು 4 ಬಾರ್ ಎನ್ನೋಣ. ಆಗ ಖರ್ಚಿಗೆ ಸಿಗುವ ಗಾಳಿ, ಹೊರಗಿನ ಅಳತೆಯಲ್ಲಿ, 2 ಗುಣಿಸು 2, ಅಂದರೆ 4 ಲೀಟರು. ಮೇಲಿನ ಸಿಲಿಂಡರ 10 ಸೆಂಟಿಮೀಟರ ಚಾಚಿದರೆ ಒಳಗೆ 80 ಘನ ಸೆಂಟಿಮೀಟರ ಜಾಗವಾಗುತ್ತದೆ. ಅದನ್ನು 4 ಬಾರಿಗೆ ತುಂಬಲು, ವಾತಾವರಣದ ಒಂದು ಬಾರನ್ನೂ ಕೂಡಿಸಿ, ಐದು ಪಟ್ಟು ಅಂದರೆ 400 ಘನ ಸೆಂಟಿಮೀಟರ ಗಾಳಿ ಬೇಕು. ಹಿಂದೆ ಬರಲು ಸುಮಾರು 345. ಕೂಡಿ ನೋಡಿದರೆ 4 ಲೀಟರಿನಲ್ಲಿ ಐದು ಸಲ ಹೋಗಿಬರಬಹುದು. ಆರನೆಯ ಸಲಕ್ಕೆ ದಮ್ಮು ಸಾಲದು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಸೋಲಿನ ಬೀಜ ಇದರಲ್ಲಿಯೇ ಇದೆ.

ಕವಾಟವೆಂಬ ದ್ವಾರಪಾಲಕ

ತೊಟ್ಟಿಗೂ ಸಿಲಿಂಡರಕ್ಕೂ ನಡುವೆ ಒಂದು ಕವಾಟವಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಐದು ಬಾಯಿಗಳು, ಎರಡು ಸ್ಥಿತಿಗಳು. ಒಂದು ಬಾಯಿಂದ ಗಾಳಿ ಒಳಬರುತ್ತದೆ. ಎರಡು ಬಾಯಿಗಳು ಸಿಲಿಂಡರದ ಎರಡು ತುದಿಗಳಿಗೆ ಹೋಗುತ್ತವೆ. ಉಳಿದೆರಡು ಬಳಸಿದ ಗಾಳಿಯನ್ನು ಹೊರಬಿಡುತ್ತವೆ. ಮೊದಲ ಸ್ಥಿತಿಯಲ್ಲಿ ಪಿಸ್ಟನ್ ಮುಂದೆ, ಎರಡನೆಯದರಲ್ಲಿ ಹಿಂದೆ. ಸ್ಥಿತಿಯನ್ನು ಬದಲಿಸುವುದು ತಂತಿಯ ಸುರುಳಿ. ವಿದ್ಯುತ್ ಹರಿದೊಡನೆ ಸುರುಳಿಯು ಕಾಂತವಾಗಿ ಒಳಗಿನ ಕಬ್ಬಿಣದ ತುಂಡನ್ನು ಸೆಳೆಯುತ್ತದೆ.

ಗಣಕ ಫಲಕವು ಕೊಡುವ ವಿದ್ಯುತ್ತು 3 ಅಥವಾ 5 ವೋಲ್ಟಿನಷ್ಟು ಕ್ಷೀಣವಾದುದು. ಸುರುಳಿಗೆ 12 ಅಥವಾ 24 ವೋಲ್ಟು ಬೇಕು. ಹೀಗಾಗಿ ನಡುವೆ ಟ್ರಾನ್ಸಿಸ್ಟರ್ ಅಥವಾ ರಿಲೇಯನ್ನು ಇಡುತ್ತಾರೆ. ಸುರುಳಿಯ ವಿದ್ಯುತ್ತನ್ನು ಕಡಿದ ಕ್ಷಣ ಅದು ಎದುರೇಟು ಕೊಡುತ್ತದೆ. ಆ ಏಟನ್ನು ನುಂಗಲು ಒಂದು ಡಯೋಡನ್ನು ಜೋಡಿಸದಿದ್ದರೆ ಟ್ರಾನ್ಸಿಸ್ಟರು ಸುಟ್ಟುಹೋದೀತು.

ಕವಾಟದಲ್ಲಿ ಎರಡು ಬಗೆ. ಒಂದೇ ಸುರುಳಿಯದು ವಿದ್ಯುತ್ ಹೋದೊಡನೆ ಸ್ಪ್ರಿಂಗಿನಿಂದ ಮೊದಲಿನ ಸ್ಥಿತಿಗೆ ಮರಳುತ್ತದೆ. ಎರಡು ಸುರುಳಿಯದು ಕೊನೆಯ ಅಪ್ಪಣೆಯನ್ನು ಹಿಡಿದು ಹಾಗೆಯೇ ನಿಲ್ಲುತ್ತದೆ. ಯಾವುದನ್ನು ಆರಿಸಬೇಕೆಂಬುದು, ಕೆಟ್ಟಾಗ ಯಂತ್ರವು ಹೇಗಿರಬೇಕೆಂಬುದನ್ನು ಅವಲಂಬಿಸಿದೆ. ಅಕ್ಕಲಕೋಟ ರೋಡ್ ನಿಲ್ದಾಣದಲ್ಲಿ ನಿಲ್ಲುವ ರೈಲುಗಾಡಿಯನ್ನು ನೆನೆಯಿರಿ. ಅದರ ಬ್ರೇಕಿನ ಕೊಳವೆ ಹರಿದರೆ ಬ್ರೇಕು ಸಡಿಲವಾಗುವುದಿಲ್ಲ, ತಾನಾಗಿಯೇ ಬಿಗಿಯುತ್ತದೆ. ಈ ಉಪಾಯವನ್ನು ಅಮೇರಿಕೆಯ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಷ್ಟು ಹಿಂದೆಯೇ ರೂಪಿಸಿದನು. ಕೆಡುವುದು ಯಂತ್ರದ ಸ್ವಭಾವ. ಕೆಟ್ಟಾಗಲೂ ಕೇಡು ಮಾಡದಂತೆ ಕಟ್ಟುವುದು ಮನುಷ್ಯನ ವಿವೇಕ.

ಸೊಲ್ಲಾಪುರದ ಮಗ್ಗದಲ್ಲಿದ್ದ ವಿದ್ಯೆ

ಇನ್ನು ಕ್ರಮವಿಧಿ, ಅಂದರೆ ಪ್ರೋಗ್ರಾಮು. ಈ ಹೆಸರು ಕೇಳಿದೊಡನೆ ನಮ್ಮ ಜನ ಹೆದರುತ್ತಾರೆ. ಆದರೆ ನಮ್ಮ ಸೀಮೆಯ ಎಷ್ಟೋ ಮನೆತನಗಳ ಹಿರಿಯರು ಸೊಲ್ಲಾಪುರದ ಗಿರಣಿಗಳಲ್ಲಿಯೂ ಮಗ್ಗಗಳಲ್ಲಿಯೂ ದುಡಿದವರು. ಅವರು ಈ ವಿದ್ಯೆಯನ್ನು ದಿನವೂ ಕಣ್ಣಾರೆ ಕಂಡವರು. ಸೊಲ್ಲಾಪುರಿ ಚಾದರದ ಮೇಲೆ ಹೂವು, ನವಿಲು ಮೂಡುವುದು ಜಕಾರ್ಡ್ ಮಗ್ಗದಿಂದ. ಫ್ರಾನ್ಸ್ ದೇಶದ ಜೋಸೆಫ್ ಮಾರಿ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆಯಿರುತ್ತದೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಒಂದು ಕಾರ್ಡು ಮುಗಿದರೆ ಮುಂದಿನದು. ಕಾರ್ಡುಗಳ ಆ ಮಾಲೆಯೇ ಕ್ರಮವಿಧಿ. 'ಇದಾದ ಮೇಲೆ ಇದು' ಎಂಬ ಅಪ್ಪಣೆಗಳ ಸಾಲು. ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರೆಲ್ಲ ಈ ಮಗ್ಗವನ್ನು ಸ್ಮರಿಸುತ್ತಾರೆ.

ಅದೇ ಗಿರಣಿಯ ಯಂತ್ರಮಗ್ಗದಲ್ಲಿ ಇನ್ನೊಂದು ಚಿಕ್ಕ ಅಂಗವಿರುತ್ತದೆ. ಲಾಳಿ ಹಾಯ್ದುಹೋದ ಮೇಲೆ ಹೊಕ್ಕಿನ ಎಳೆ ನಿಜವಾಗಿಯೂ ಬಿದ್ದಿದೆಯೋ ಎಂಬುದನ್ನು ಒಂದು ಮುಳ್ಳು ಮುಟ್ಟಿ ನೋಡುತ್ತದೆ. ಎಳೆ ತಾಗಿದರೆ ಮಗ್ಗ ನಡೆಯುತ್ತದೆ. ತಾಗದಿದ್ದರೆ ಮಗ್ಗವೇ ನಿಲ್ಲುತ್ತದೆ. ಕಾರ್ಡು ಹೇಳುತ್ತದೆ, ಮುಳ್ಳು ಕೇಳುತ್ತದೆ. ಈ ಮುಳ್ಳೇ ಸಂವೇದಕ. ಅದಿಲ್ಲದಿದ್ದರೆ ಎಳೆ ಕಡಿದ ಮೇಲೂ ಮಗ್ಗವು ಖಡಖಡ ಎನ್ನುತ್ತಲೇ ಇರುತ್ತಿತ್ತು. ಚಾದರದಲ್ಲಿ ಮಾತ್ರ ಬರಿಯ ಸಂದು ಬೀಳುತ್ತಿತ್ತು.

ಯಂತ್ರಮಾನವನಲ್ಲಿ ಇಂಥ ಮುಳ್ಳುಗಳು ಹಲವು. ಪಿಸ್ಟನ್ನಿನೊಳಗೆ ಒಂದು ಕಾಂತದ ಉಂಗುರವಿಟ್ಟು, ಸಿಲಿಂಡರದ ಹೊರಮೈಗೆ ರೀಡ್ ಸ್ವಿಚ್ಚನ್ನು ಕಟ್ಟುತ್ತಾರೆ. ಪಿಸ್ಟನ್ ತುದಿಗೆ ಬಂದೊಡನೆ ಸ್ವಿಚ್ಚಿನ ಎರಡು ತೆಳು ಪಟ್ಟಿಗಳು ಕೂಡಿ 'ಬಂದೆ' ಎನ್ನುತ್ತವೆ. ಬಿಲ್ಲೆ ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಯಲು ಕಿವಿಗೆ ಕೇಳದ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಯ ಕಾಲವನ್ನು ಅಳೆಯುತ್ತಾರೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು; ಬಿಲ್ಲೆ 20 ಸೆಂಟಿಮೀಟರ ದೂರವಿದ್ದರೆ ಧ್ವನಿ ಹೋಗಿಬರುವ ದಾರಿ 40 ಸೆಂಟಿಮೀಟರು, ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು. ತೊಟ್ಟಿಯ ಒತ್ತಡವನ್ನು ಹೇಳುವ ಸಂವೇದಕವೂ ಉಂಟು.

ಒಂದು ಸೋಲಿನ ಕಥೆ

ನನ್ನ ವಿದ್ಯಾರ್ಥಿಯ ತಂಡವು ಲಗೋರಿ ಅಡಕುವ ಯಂತ್ರವನ್ನು ಕಟ್ಟಿತು. ಬಿಲ್ಲೆಯನ್ನು ಹಿಡಿ, ತೋಳನ್ನು ಏರಿಸು, ಮುಂದೆ ಚಾಚು, ಬಿಡು, ಹಿಂದೆ ಬಾ. ತೋಳು ಏರಲು ಬೇಕಾದ ಕಾಲವನ್ನು ಮಕ್ಕಳು ಗಡಿಯಾರ ಹಿಡಿದು ಅಳೆದರು; 0.4 ಸೆಕೆಂಡು ಸಾಕೆಂದು ಕಂಡಿತು. ಕ್ರಮವಿಧಿಯಲ್ಲಿ ಹಾಗೆಯೇ ಬರೆದರು: 'ಕವಾಟ ತೆರೆ, 0.4 ಸೆಕೆಂಡು ಕಾಯಿ, ಮುಂದೆ ಚಾಚು.' ಅಭ್ಯಾಸದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಆಯ್ಕೆಯ ದಿನ ಮೂರು ಬಿಲ್ಲೆಗಳು ಚೆನ್ನಾಗಿ ಕುಳಿತವು. ನಾಲ್ಕನೆಯದಕ್ಕೆ ತೋಳು ನಿಧಾನವಾಗಿ ಏರತೊಡಗಿತು. ಅದು ಪೂರ್ತಿ ಏರುವ ಮೊದಲೇ 0.4 ಸೆಕೆಂಡು ಮುಗಿಯಿತು. ಕ್ರಮವಿಧಿಯು ಮುಂದಿನ ಅಪ್ಪಣೆಯನ್ನು ಕೊಟ್ಟಿತು. ಅರ್ಧ ಏರಿದ ತೋಳು ಮುಂದೆ ಚಾಚಿ, ತಾನೇ ಕಟ್ಟಿದ ಮೂರು ಬಿಲ್ಲೆಗಳನ್ನೂ ಕೆಡವಿತು. ಕೆಡವಿದ ಮೇಲೂ ಅದಕ್ಕೆ ಗೊತ್ತಾಗಲಿಲ್ಲ. ಬರಿ ನೆಲದ ಮೇಲೆ ಐದನೆಯ ಬಿಲ್ಲೆಯನ್ನು ಎತ್ತರದಿಂದ ಶ್ರದ್ಧೆಯಿಂದ ಬಿಟ್ಟಿತು! ನೋಡುತ್ತಿದ್ದವರು ನಕ್ಕರಂತೆ. ಹುಡುಗರು ಅತ್ತರಂತೆ.

ಕಾರಣವನ್ನು ಹುಡುಕಲು ಅವರಿಗೆ ಎರಡು ರಾತ್ರಿಗಳು ಬೇಕಾದವು. ಅಭ್ಯಾಸದಲ್ಲಿ ಪ್ರತಿ ಸಲವೂ ತೊಟ್ಟಿಯನ್ನು ತುಂಬಿಸಿಕೊಂಡು ಆರಂಭಿಸುತ್ತಿದ್ದರು. ಆ ದಿನ ಯಂತ್ರವನ್ನು ಒಮ್ಮೆ ಆಡಿಸಿ ನೋಡಿ, ಮತ್ತೆ ತುಂಬಿಸದೆ ಅಂಗಳಕ್ಕೆ ಇಳಿಸಿದ್ದರು. ಹಿಡಿಯುವ ಕೈಯ ಚಿಕ್ಕ ಸಿಲಿಂಡರವೂ ಅದೇ ತೊಟ್ಟಿಯ ಗಾಳಿಯನ್ನು ಉಣ್ಣುತ್ತಿತ್ತು. ಮೇಲೆ ಮಾಡಿದ ಜಮಾಖರ್ಚನ್ನು ಯಾರೂ ಮಾಡಿರಲಿಲ್ಲ. ಆದರೆ ಗಾಳಿ ಕಡಿಮೆಯಾದುದು ಮೇಲಿನ ಕಾರಣ ಮಾತ್ರ. ಒಳಗಿನ ಕಾರಣವೆಂದರೆ, ಅಪ್ಪಣೆ ಕೊಟ್ಟದ್ದನ್ನೇ ಕೆಲಸವಾಯಿತೆಂದು ನಂಬಿದ್ದು.

ತಿದ್ದಿದ ಕ್ರಮವಿಧಿ

ಸಿಲಿಂಡರದ ಮೇಲ್ತುದಿಗೆ ಒಂದು ರೀಡ್ ಸ್ವಿಚ್ಚನ್ನು ಕಟ್ಟಿ, ಕ್ರಮವಿಧಿಯನ್ನು ಅವರು ಹೀಗೆ ತಿದ್ದಿದರು:

1. ತೊಟ್ಟಿಯ ಒತ್ತಡವನ್ನು ನೋಡು. 4 ಬಾರಿಗಿಂತ ಕಡಿಮೆಯಿದ್ದರೆ ಕೆಂಪು ದೀಪ ಹಚ್ಚು, ಆರಂಭಿಸಬೇಡ.
2. ಬಿಲ್ಲೆಯನ್ನು ಹಿಡಿ. ಬಿಲ್ಲೆ ಕೈಯಲ್ಲಿದೆಯೆಂದು ಸಂವೇದಕ ಹೇಳಿದರೆ ಮಾತ್ರ ಮುಂದೆ ಹೋಗು.
3. ಏರುವ ಕವಾಟವನ್ನು ತೆರೆ.
4. ಮೇಲ್ತುದಿಯ ಸ್ವಿಚ್ಚು 'ಬಂದೆ' ಎನ್ನುವವರೆಗೆ ಮುಂದೆ ಚಾಚಬೇಡ.
5. ಒಂದು ಸೆಕೆಂಡಾದರೂ ಆ ಮಾತು ಬಾರದಿದ್ದರೆ ತೋಳನ್ನು ಇಳಿಸು, ಚಾಲಕನಿಗೆ ಸೂಚನೆ ಕೊಡು.
6. ಮಾತು ಬಂದರೆ ಚಾಚು, ಬಿಡು, ಹಿಂದೆ ಬಾ.

ಐದನೆಯ ಮೆಟ್ಟಿಲನ್ನು ಅನೇಕರು ಮರೆಯುತ್ತಾರೆ. ಸಂವೇದಕವೂ ಕೆಡಬಹುದು, ತಂತಿಯೂ ಕಡಿಯಬಹುದು. ಬಾರದ ಉತ್ತರಕ್ಕಾಗಿ ಯಂತ್ರವು ಕೊನೆಯಿಲ್ಲದೆ ಕಾಯಬಾರದು. ಕಾಯುವುದಕ್ಕೂ ಒಂದು ಗಡುವು ಬೇಕು.

ಕಾಯುವ ರೀತಿಯಲ್ಲಿಯೂ ಭೇದವಿದೆ. 'ಇಷ್ಟು ಹೊತ್ತು ಸುಮ್ಮನಿರು' ಎಂಬ ಅಪ್ಪಣೆ ಕೊಟ್ಟರೆ ಅಷ್ಟು ಹೊತ್ತು ಗಣಕ ಫಲಕವು ಕಿವುಡಾಗುತ್ತದೆ. ಎದುರಿನಿಂದ ಚೆಂಡು ಬಂದರೂ ತಿಳಿಯದು, ನಿಲ್ಲಿಸುವ ಗುಂಡಿಯನ್ನು ಒತ್ತಿದರೂ ಕೇಳದು. ವರ್ಗಕ್ಕೆ ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಲೇ ಇರುವ ಶಿಕ್ಷಕನ ಹಾಗೆ. ಬದಲಾಗಿ 'ನಾನೀಗ ಏರುವ ಸ್ಥಿತಿಯಲ್ಲಿದ್ದೇನೆ' ಎಂದು ಗುರುತಿಟ್ಟುಕೊಂಡು, ಸೆಕೆಂಡಿಗೆ ನೂರಾರು ಸಲ ಎಲ್ಲ ಸಂವೇದಕಗಳನ್ನು ಸುತ್ತಿ ನೋಡುತ್ತಿರಬೇಕು. ಬಲ್ಲವರು ಬರೆಯುವ ಕ್ರಮವಿಧಿ ಹೀಗಿರುತ್ತದೆ.

ಇನ್ನೊಂದು ಸೂಕ್ಷ್ಮ. ಸ್ವಿಚ್ಚಿನ ಪಟ್ಟಿಗಳು ಕೂಡುವಾಗ ಒಂದೇ ಸಲಕ್ಕೆ ಕೂಡುವುದಿಲ್ಲ. ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ವೇಗದ ಗಣಕಕ್ಕೆ ಆ ಒಂದು ಸ್ಪರ್ಶವು ಹತ್ತು ಸ್ಪರ್ಶಗಳಂತೆ ಕಾಣುತ್ತದೆ. ಆದುದರಿಂದ ಉತ್ತರ ಬಂದ ಮೇಲೆ ಕ್ಷಣಕಾಲ ಬಿಟ್ಟು ಮತ್ತೊಮ್ಮೆ ನೋಡಿ, ಅದೇ ಉತ್ತರವಿದ್ದರೆ ಮಾತ್ರ ನಂಬಬೇಕು.

ಕಿರಿಯರಿಗೊಂದು ಎಚ್ಚರಿಕೆ. ಒತ್ತಿದ ಗಾಳಿ ಆಟಿಕೆಯಲ್ಲ. ಅದರ ತೊಟ್ಟಿ, ಕೊಳವೆಗಳು ಆ ಒತ್ತಡಕ್ಕೆಂದೇ ಮಾಡಿದವಾಗಿರಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕವಿರಬೇಕು. ಕೈಯಿಡುವ ಮುನ್ನ ವಿದ್ಯುತ್ತನ್ನು ಕಡಿದರೆ ಸಾಲದು, ತೊಟ್ಟಿಯ ಗಾಳಿಯನ್ನೂ ಬರಿದು ಮಾಡಬೇಕು. ವಿದ್ಯುತ್ ಹೋದ ಮೇಲೂ ಗಾಳಿಯು ಒಳಗೆ ಹೊಂಚು ಹಾಕಿ ಕುಳಿತಿರುತ್ತದೆ.

ಅಭ್ಯಾಸಕ್ಕೆ

1. ಒಳವ್ಯಾಸ 20 ಮಿಲಿಮೀಟರ ಇರುವ ಸಿಲಿಂಡರವು 5 ಬಾರ್ ಒತ್ತಡದಲ್ಲಿ ಎಷ್ಟು ಬಲ ಕೊಡುವುದು?
2. ವ್ಯಾಸವನ್ನು ಇಮ್ಮಡಿಸಿದರೆ ಬಲವು ಎಷ್ಟು ಪಟ್ಟಾಗುವುದು? ಗಾಳಿಯ ಖರ್ಚು ಎಷ್ಟು ಪಟ್ಟಾಗುವುದು?
3. ಬಿಲ್ಲೆಯನ್ನು ಹಿಡಿದಿರುವಾಗ ವಿದ್ಯುತ್ ಹೋದರೆ ಕೈ ಬಿಗಿದೇ ಇರಬೇಕೆ, ಬಿಡಬೇಕೆ? ನಿಮ್ಮ ಉತ್ತರಕ್ಕೆ ತಕ್ಕ ಕವಾಟ ಯಾವುದು?
4. ನಿಮ್ಮ ಮನೆಯಲ್ಲಿ 'ಮುಟ್ಟಿ ನೋಡಿ ನಿಲ್ಲುವ' ಸಾಧನಗಳು ಯಾವುವು? ನೀರಿನ ತೊಟ್ಟಿಯ ತೇಲುಗುಂಡಿನಿಂದ ಆರಂಭಿಸಿರಿ.

ಉತ್ತರಗಳನ್ನು ಇಲ್ಲಿ ಕೊಡುವುದಿಲ್ಲ. ಬಿಡಿಸಿಕೊಂಡು ಬಂದವರಿಗೆ ನಮ್ಮ ಮನೆಯ ಬಾಗಿಲು ತೆರೆದಿದೆ.

ಕೊನೆಯ ಮಾತು

2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಶನ್ನಿನ ಮೂಲಕ, 6ರಿಂದ 12ನೆಯ ಇಯತ್ತೆಯ ಮಕ್ಕಳಿಗೆ ಇಂಥ ಸಾಧನಗಳ ಪ್ರಯೋಗಶಾಲೆ ಕಟ್ಟಲು ಆಯ್ದ ಶಾಲೆಗಳಿಗೆ ಇಪ್ಪತ್ತು ಲಕ್ಷ ರೂಪಾಯಿಗಳವರೆಗೆ ನೆರವು ದೊರೆತಿದೆ. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಅದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಒಂದು ಕಪಾಟಿನಷ್ಟು ಪ್ರಯೋಗಶಾಲೆಯನ್ನು ನಮ್ಮ ಶಾಲೆಯಲ್ಲಿಯೂ ಕಟ್ಟಬಹುದು. ಒಂದು ಸಾಯಿಕಲ್ ಪಂಪು, ಒಂದು ಸಿಲಿಂಡರ, ಒಂದು ಕವಾಟ, ಒಂದು ಫಲಕ, ನಾಲ್ಕು ಸ್ವಿಚ್ಚುಗಳಿಂದ ಆರಂಭಿಸಿದರೂ ಸಾಕು.

ಹಿಂತಿರುಗಿ ನೋಡಿದರೆ ನನಗೆ ನನ್ನದೇ ತಪ್ಪು ಕಾಣುತ್ತದೆ. ಎಷ್ಟೋ ವರ್ಷ ನಾನು ಪಾಠ ಹೇಳಿ, ಗಂಟೆ ಬಾರಿಸಿದೊಡನೆ ಮುಂದಿನ ಪಾಠಕ್ಕೆ ಚಾಚಿದವನು. ಹಿಂದಿನ ಸಾಲಿನಲ್ಲಿ ಕುಳಿತವನ ತೋಳು ಅರ್ಧಕ್ಕೆ ನಿಂತಿದ್ದಿತೇನೋ, ನಾನು ಕೇಳಲಿಲ್ಲ. 'ತಿಳಿಯಿತೇ?' ಎಂದಾಗ ವರ್ಗವೆಲ್ಲ ಒಂದೇ ದನಿಯಲ್ಲಿ 'ಹೌದು' ಎನ್ನುವುದು ಪುಟಿಯುವ ಸ್ವಿಚ್ಚಿನ ಉತ್ತರ. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ, ಒಬ್ಬೊಬ್ಬನನ್ನೇ ಕೇಳಬೇಕಾಗಿತ್ತು. ಇದನ್ನು ಎಪ್ಪತ್ತು ದಾಟಿದ ಮೇಲೆ ನನ್ನ ವಿದ್ಯಾರ್ಥಿಯ ಸೋತ ಯಂತ್ರದಿಂದ ಕಲಿತೆ. ಈಗ ವರ್ಗದಲ್ಲಿ ನಿಲ್ಲುವ ಕಿರಿಯ ಶಿಕ್ಷಕರು ಬೇಗನೆ ಕಲಿಯಲಿ.

ಇನ್ನು ಆ ಪಾಲಕರಿಗೆ ನನ್ನ ಉತ್ತರ. ಈ ಪಾಠವನ್ನು ನಿಮ್ಮ ಮಗನಿಗೆ ಓದಿ ಹೇಳಿರಿ. ಅವನಿಗೆ ತಿಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ತಿಳಿಯದಿದ್ದರೆ ತಪ್ಪು ಹೇಳಿದ ನನ್ನದು, ಭಾಷೆಯದಲ್ಲ. ಬಂದು ಹೇಳಿರಿ, ತಿದ್ದಿ ಮತ್ತೊಮ್ಮೆ ಬರೆಯುತ್ತೇನೆ.